ಛೆಟ್ರಿಯನ್ನು ಮತ್ತೆ ಕರೆದದ್ದು ಸರಿಯೇ?

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ಎದುರು 0–0 ಡ್ರಾ ಆಡಿ ಸುನಿಲ್ ಛೆಟ್ರಿ ಭಾರತ ಫುಟ್‌ಬಾಲ್ ತಂಡಕ್ಕೆ ವಿದಾಯ ಹೇಳಿದರು. ಆಗ ಅವರ ಹೆಸರಿನಲ್ಲಿದ್ದದ್ದು 151 ಪಂದ್ಯ, 94 ಗೋಲು. ಸರಿಯಾಗಿ ಒಂಬತ್ತು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಕೋಚ್ ಮನೋಲೊ ಮಾರ್ಕೆಸ್ ಕರೆದರು. ನಲವತ್ತು ದಾಟಿದ್ದ ಛೆಟ್ರಿ ಬಂದರು. ಗುರಿ 2027ರ ಏಷ್ಯನ್ ಕಪ್. ಅರ್ಹತಾ ಸುತ್ತಿನಲ್ಲಿ ನಾಲ್ಕು ತಂಡಗಳ ಗುಂಪು, ಮೊದಲ ಸ್ಥಾನದವರಿಗೆ ಮಾತ್ರ ಪ್ರವೇಶ. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರದ ಎದುರು 1–2ರಿಂದ ಸೋತಾಗ, ಇನ್ನೂ ಎರಡು ಪಂದ್ಯ ಬಾಕಿ ಇರುವಾಗಲೇ, ಆ ಬಾಗಿಲು ಮುಚ್ಚಿತು. ಛೆಟ್ರಿ ಲೆಕ್ಕ 157 ಪಂದ್ಯ, 95 ಗೋಲಿಗೆ ಬಂದು ನಿಂತಿತು. ಕರೆದದ್ದು ಸರಿಯೋ ತಪ್ಪೋ ಎಂಬ ಜಗಳ ಮಾತ್ರ ನಿಂತಿಲ್ಲ.

ಪರ: ಗೋಲು ಬೇಕಿತ್ತು, ಹೊಡೆಯುತ್ತಿದ್ದವರನ್ನು ಕರೆದರು

ಮೊದಲು 2024ನೇ ಇಸವಿಯ ಲೆಕ್ಕ ನೋಡೋಣ. ಆ ವರ್ಷ ಭಾರತ 11 ಪಂದ್ಯ ಆಡಿತು, ಒಂದನ್ನೂ ಗೆಲ್ಲಲಿಲ್ಲ. ಹೊಡೆದ ಗೋಲು ಒಟ್ಟು ನಾಲ್ಕು. ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನ ಮೂರು ಪಂದ್ಯಗಳಲ್ಲಿ ಸೊನ್ನೆ (ಛೆಟ್ರಿ ಇದ್ದೂ ಸೊನ್ನೆ, ಮುಚ್ಚಿಡುವುದೇನಿಲ್ಲ). ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು ಒಂದು; ಅದು ಛೆಟ್ರಿಯದು, ಪೆನಾಲ್ಟಿಯಿಂದ, ತಮ್ಮ 150ನೇ ಪಂದ್ಯದಲ್ಲಿ. ಅವರು ಹೋದ ಮೇಲಿನ ಐದು ಪಂದ್ಯಗಳಲ್ಲಿ ಮೂರು: ಕತಾರ್ ಎದುರು ಛಾಂಗ್ಟೆ, ವಿಯೆಟ್ನಾಂ ಎದುರು ಫಾರೂಕ್ ಚೌಧರಿ, ಮಲೇಷ್ಯಾ ಎದುರು ರಾಹುಲ್ ಭೆಕೆ. ಛಾಂಗ್ಟೆ ವಿಂಗರ್. ಫಾರೂಕ್ ಕೂಡ ಹೆಚ್ಚಾಗಿ ಬದಿಯಲ್ಲಿ ಆಡುವವರು. ಭೆಕೆಯಂತೂ ಡಿಫೆಂಡರ್, ಅವರ ಗೋಲು ಬಂದದ್ದು ಕಾರ್ನರ್‌ನಿಂದ. ಅಪ್ಪಟ ನಂಬರ್ 9, ಅಂದರೆ ಮಧ್ಯದಲ್ಲಿ ನಿಂತು ಗೋಲು ಹೊಡೆಯುವ ಸ್ಟ್ರೈಕರ್, ಎನ್ನಬಹುದಾದ ಒಂದು ಹೆಸರೂ ಪಟ್ಟಿಯಲ್ಲಿಲ್ಲ.

ಇದೇ ತಿಂಗಳುಗಳಲ್ಲಿ ಛೆಟ್ರಿಯ ಕ್ಲಬ್ ಬೆಂಗಳೂರು ಎಫ್‌ಸಿಯಲ್ಲಿ ನಡೆಯುತ್ತಿದ್ದದ್ದೇನು? ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2024–25ರ ಶುರುವಿನಲ್ಲೇ, ಸೆಪ್ಟೆಂಬರ್ 19ರಂದು, ಹೈದರಾಬಾದ್ ಎದುರು ಬೆಂಚ್‌ನಿಂದ ಎದ್ದು ಹೋಗಿ ಛೆಟ್ರಿ ಎರಡು ಗೋಲು ಹೊಡೆದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್. ಆ ಲೀಗ್‌ನಲ್ಲಿ ಅದಕ್ಕಿಂತ ಹಿರಿಯ ವಯಸ್ಸಿನಲ್ಲಿ ಯಾರೂ ಹ್ಯಾಟ್ರಿಕ್ ಹೊಡೆದಿರಲಿಲ್ಲ. ಹಿಂದಿನ ಮೂರು ಋತುಗಳಲ್ಲಿ ಒಮ್ಮೆಯೂ ಎರಡಂಕಿ ಮುಟ್ಟದಿದ್ದವರು ಮಾರ್ಚ್ ಹೊತ್ತಿಗೆ ಅದನ್ನು ದಾಟಿಯಾಗಿತ್ತು. ಋತು ಮುಗಿದಾಗ 14. ಭಾರತೀಯರಲ್ಲಿ ಅವರೇ ಮೊದಲಿಗರು. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಕರೆಯದೆ ಬಿಟ್ಟಿದ್ದರೆ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಇವತ್ತು ಇದೇ ಟೀಕಾಕಾರರೇ ಬರೆಯುತ್ತಿದ್ದರು.

ಹೆಸರು ನೋಡಿ ಕರೆದರು ಎನ್ನುವವರಿಗೆ ಒಂದು ಸ್ವಾರಸ್ಯದ ಸಂಗತಿ. ಆ ಹೊತ್ತಿನಲ್ಲಿ ಮನೋಲೊ ಭಾರತದ ಕೋಚ್ ಅಷ್ಟೇ ಅಲ್ಲ, ಎಫ್‌ಸಿ ಗೋವಾದ ಕೋಚ್ ಕೂಡ. ಎದುರಾಳಿ ಬೆಂಚ್‌ನಲ್ಲಿ ಕೂತು ಛೆಟ್ರಿಯನ್ನು ತಡೆಯುವ ಯೋಜನೆ ಹಾಕುವುದೇ ಅವರ ಹೊಟ್ಟೆಪಾಡು. ಕರೆದು ಒಂದು ತಿಂಗಳಾಗಿತ್ತಷ್ಟೇ. ಏಪ್ರಿಲ್ 6ರಂದು ಫತೋರ್ಡಾದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ. ಗೋವಾ 2–0 ಮುಂದಿತ್ತು, ಎರಡೂ ಪಂದ್ಯ ಸೇರಿ 2–2. ಹೆಚ್ಚುವರಿ ನಿಮಿಷಗಳಲ್ಲಿ ನಮ್ಗ್ಯಾಲ್ ಭುಟಿಯಾ ಬಲಬದಿಯಿಂದ ಕಳಿಸಿದ ಕ್ರಾಸ್‌ಗೆ ಛೆಟ್ರಿ ತಲೆ ಕೊಟ್ಟರು, ಬೆಂಗಳೂರು ಫೈನಲ್‌ಗೆ ಹೋಯಿತು. ಮನೋಲೊ ಆಯ್ಕೆ ಎಷ್ಟು ಸರಿ ಎಂಬುದಕ್ಕೆ ಸ್ವತಃ ಮನೋಲೊ ತಂಡವೇ ಬೆಲೆ ತೆತ್ತಿತು.

ಆ ಹೆಡರ್ ಬಗ್ಗೆ ಇನ್ನಷ್ಟು ಹೇಳಬೇಕು, ವಯಸ್ಸಿನ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಛೆಟ್ರಿ ಎತ್ತರ 170 ಸೆಂಟಿಮೀಟರ್. ಆರಡಿ ಡಿಫೆಂಡರ್‌ಗಳ ನಡುವೆ ನೆಗೆತದಲ್ಲಿ ಗೆಲ್ಲುವ ಆಳಲ್ಲ, ಇಪ್ಪತ್ತೈದರಲ್ಲೂ ಆಗಿರಲಿಲ್ಲ. ಅವರು ಗೆಲ್ಲುವುದು ಚೆಂಡು ವಿಂಗರ್ ಕಾಲಿನಲ್ಲಿರುವಾಗಲೇ. ಸೆಂಟರ್‌ಬ್ಯಾಕ್‌ನ (ಗೋಲಿನ ಮುಂದೆ ಮಧ್ಯದಲ್ಲಿ ಕಾಯುವ ಡಿಫೆಂಡರ್‌ನ) ಹಿಂಭುಜದ ಕಡೆ, ಅಂದರೆ ಚೆಂಡನ್ನು ನೋಡುತ್ತಿರುವಾಗ ಅವನ ಕಣ್ಣಿಗೆ ಬೀಳದ ಕಡೆ, ನಿಲ್ಲುತ್ತಾರೆ. ಎರಡು ಹೆಜ್ಜೆ ದೂರ ಸರಿದಂತೆ ಮಾಡುತ್ತಾರೆ. ಕ್ರಾಸ್ ಹೊರಡುವ ಕ್ಷಣಕ್ಕೆ ಮುಂದಕ್ಕೆ ನುಗ್ಗುತ್ತಾರೆ. ಇಡೀ ಕೆಲಸ ನಾಲ್ಕೈದು ಹೆಜ್ಜೆಯದು. ವಯಸ್ಸು ಮೊದಲು ಕಸಿಯುವುದು ಮೂವತ್ತು–ನಲವತ್ತು ಮೀಟರ್ ಓಟವನ್ನು, ಅದನ್ನು ಮತ್ತೆ ಮತ್ತೆ ಓಡುವ ಶಕ್ತಿಯನ್ನು. ನಾಲ್ಕು ಹೆಜ್ಜೆಯ ಸಮಯಪ್ರಜ್ಞೆ ಬಹಳ ತಡವಾಗಿ ಹೋಗುತ್ತದೆ. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಲಿಸ್ಟನ್ ಕೊಲಾಸೊ ಕ್ರಾಸ್‌ಗೆ ಬಂದ 95ನೇ ಗೋಲೂ ಇದೇ ಜಾತಿಯದು. ಆ 3–0 ಗೆಲುವು 489 ದಿನಗಳ ನಂತರ ಭಾರತಕ್ಕೆ ಸಿಕ್ಕ ಮೊದಲ ಗೆಲುವು.

"ಕಿರಿಯರನ್ನು ಬೆಳೆಸಬೇಕಿತ್ತು" ಎಂಬ ಮಾತಿದೆ. ಬೆಳೆಸುವವರು ಯಾರು? ರಾಷ್ಟ್ರೀಯ ಕೋಚ್‌ಗೆ ಫಿಫಾ ಕ್ಯಾಲೆಂಡರ್‌ನಲ್ಲಿ ಸಿಗುವುದು ಒಂದು ಸಲಕ್ಕೆ ಸುಮಾರು ಹತ್ತು ದಿನ, ಅದರೊಳಗೆ ಎರಡು ಪಂದ್ಯ. ಮೊದಲೆರಡು ದಿನ ಕ್ಲಬ್ ಪಂದ್ಯದ ಆಯಾಸ ಇಳಿಸಲು. ಪಂದ್ಯದ ಮರುದಿನ ಆಡಿದವರಿಗೆ ಹಗುರ ಸೈಕ್ಲಿಂಗ್, ಮಸಾಜ್, ಈಜುಕೊಳ. ಪ್ರಯಾಣಕ್ಕೆ ಒಂದೆರಡು ದಿನ. ಕಳೆದು ನೋಡಿದರೆ ಪೂರ್ಣ ತಂಡ ನಿಲ್ಲಿಸಿಕೊಂಡು ಅಭ್ಯಾಸ ಮಾಡಲು ಸಿಗುವುದು ಮೂರೋ ನಾಲ್ಕೋ ಸಂಜೆ. ಅಷ್ಟರಲ್ಲಿ ಸ್ಟ್ರೈಕರ್ ಹುಟ್ಟಿಸಿ ಎನ್ನುವುದು ಬಾಯಾರಿದಾಗ ಬಾವಿ ತೋಡಿ ಎಂದಂತೆ.

ಬಾವಿ ತೋಡಬೇಕಾದ್ದು ಕ್ಲಬ್‌ಗಳಲ್ಲಿ. ಅಲ್ಲಿ ಏನಾಗಿದೆ? 2021–22ರಿಂದ ಐಎಸ್‌ಎಲ್ ತಂಡವೊಂದು ಮೈದಾನಕ್ಕೆ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಇಳಿಸಬಹುದು. ಆ ನಾಲ್ಕು ಜಾಗದಲ್ಲಿ ಒಂದನ್ನು ಹೆಚ್ಚುಕಡಿಮೆ ಎಲ್ಲ ಕೋಚ್‌ಗಳೂ ಸ್ಟ್ರೈಕರ್‌ಗೆ ಇಡುತ್ತಾರೆ. ಅವರ ತಪ್ಪಲ್ಲ, ಗೋಲು ಬೀಳದಿದ್ದರೆ ಡಿಸೆಂಬರ್‌ಗೆ ಕೋಚ್ ಕೆಲಸ ಹೋಗುತ್ತದೆ. ಹಾಗಾಗಿ ಭಾರತೀಯ ಹುಡುಗ ಕ್ಲಬ್‌ನಲ್ಲಿ ಉಳಿಯಬೇಕಾದರೆ ಬದಿಗೆ ಸರಿಯಬೇಕು. ಮನ್ವೀರ್ ಸಿಂಗ್ ಮೋಹನ್ ಬಾಗಾನ್‌ನಲ್ಲಿ ಬಲಬದಿಯ ವಿಂಗರ್. ಭಾರತದ ಜೆರ್ಸಿ ಹಾಕಿದ ಕೂಡಲೇ ಅವರು ಗೋಲಿಗೆ ಬೆನ್ನು ಮಾಡಿ, ಸೆಂಟರ್‌ಬ್ಯಾಕ್ ಮೈಮೇಲೆ ಬೀಳುತ್ತಿರುವಾಗ ಚೆಂಡು ಹಿಡಿದಿಡಬೇಕು. ವರ್ಷವಿಡೀ ಮಾಡದ ಕೆಲಸವನ್ನು ನಾಲ್ಕು ಸಂಜೆಯಲ್ಲಿ ಕಲಿಸುವುದು ಹೇಗೆ? ಛೆಟ್ರಿ ಈ ಕೊರತೆಗೆ ಕಾರಣರಲ್ಲ. ಇಷ್ಟು ವರ್ಷ ಈ ಕೊರತೆ ಕಾಣದಂತೆ ಮುಚ್ಚಿಟ್ಟವರು. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಾಂಬೋಡಿಯಾ, ಅಫ್ಗಾನಿಸ್ತಾನ, ಹಾಂಗ್‌ಕಾಂಗ್ ಮೂರನ್ನೂ ಸೋಲಿಸಿ ಭಾರತ ಏಷ್ಯನ್ ಕಪ್‌ಗೆ ಹೋದಾಗ ಬಿದ್ದ ಎಂಟು ಗೋಲುಗಳಲ್ಲಿ ನಾಲ್ಕು ಅವರವು. ಮರುವರ್ಷ ಕಂಠೀರವದಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕೂಟದಲ್ಲಿ ಐದು, ಪಾಕಿಸ್ತಾನದ ಎದುರಿನ ಹ್ಯಾಟ್ರಿಕ್ ಸೇರಿ.

ಒಂದು ತಪ್ಪನ್ನು ಒಪ್ಪಲೇಬೇಕು. ಕರೆದದ್ದು ಸರಿ, ಬಳಸಿದ ರೀತಿ ಸರಿಯಿರಲಿಲ್ಲ. 1990ರ ವಿಶ್ವಕಪ್‌ಗೆ ಕ್ಯಾಮರೂನ್ ನಿವೃತ್ತರಾಗಿದ್ದ 38 ವರ್ಷದ ರೋಜರ್ ಮಿಲ್ಲಾರನ್ನು ವಾಪಸ್ ಕರೆಸಿತು. ಅವರು ನಾಲ್ಕು ಗೋಲು ಹೊಡೆದರು, ತಂಡ ಕ್ವಾರ್ಟರ್‌ಫೈನಲ್ ಮುಟ್ಟಿತು. ನಾಲ್ಕೂ ಬಂದದ್ದು ಬದಲಿ ಆಟಗಾರನಾಗಿ ಇಳಿದ ಮೇಲೆ. ಆ ಪಾಠ ಇಟ್ಟುಕೊಂಡರೆ ಛೆಟ್ರಿಯನ್ನು ಇಳಿಸಬೇಕಿದ್ದದ್ದು ಅರವತ್ತನೇ ನಿಮಿಷದ ಸುಮಾರಿಗೆ. ಆ ಹೊತ್ತಿಗೆ ಎದುರಾಳಿ ಸೆಂಟರ್‌ಬ್ಯಾಕ್‌ಗಳು ದಣಿದು ತಮ್ಮ ಪೆನಾಲ್ಟಿ ಬಾಕ್ಸ್‌ನತ್ತ ಹಿಂದೆ ಸರಿದಿರುತ್ತಾರೆ, ಆಗ ಸ್ಟ್ರೈಕರ್ ದೂರ ಓಡುವ ಅಗತ್ಯವೇ ಬರುವುದಿಲ್ಲ. ಜೊತೆಗೆ ಒಬ್ಬ ವಿಂಗರ್‌ನನ್ನೂ ಅದೇ ಸಲ ಬದಲಿಸಬೇಕು. ಐದು ಬದಲಾವಣೆಗೆ ಅವಕಾಶವಿದ್ದರೂ ಆಟದ ನಡುವೆ ನಿಲುಗಡೆ ಸಿಗುವುದು ಮೂರೇ ಸಲ; ಒಬ್ಬೊಬ್ಬರನ್ನೇ ಕಳಿಸುತ್ತ ಕೂತರೆ ಎಪ್ಪತ್ತೈದನೇ ನಿಮಿಷಕ್ಕೆ ಕೈ ಖಾಲಿ. ವಿಂಗರ್ ಯಾಕೆ ಅಂದರೆ, ದಣಿದ ಕಾಲಿನಿಂದ ಹೊರಟ ಕ್ರಾಸ್ ಒಂದು ಗಜ ಹಿಂದೆ ಬೀಳುತ್ತದೆ. ಇಪ್ಪತ್ತೆರಡರ ಹುಡುಗ ಆ ಗಜವನ್ನು ಸರಿದೂಗಿಸಿಕೊಳ್ಳುತ್ತಾನೆ, ನಲವತ್ತರವನಿಂದ ಆಗದು. ಬಾಂಗ್ಲಾದೇಶದ ಎದುರು ಅವರನ್ನು ಮೊದಲಿನಿಂದಲೇ ಇಳಿಸಿ ಬಹುಪಾಲು ಆಡಿಸಿದ್ದು ಈ ಲೆಕ್ಕಕ್ಕೆ ತದ್ವಿರುದ್ಧ.

ಆದರೆ ಅವರು ಯಾರ ಜಾಗ ಕಸಿದರು? ಖಾಲಿದ್ ಜಮೀಲ್ ಕೋಚ್ ಆದ ಮೇಲೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಧ್ಯ ಏಷ್ಯಾದ ಸಿಎಎಫ್‌ಎ ನೇಷನ್ಸ್ ಕಪ್‌ಗೆ ಛೆಟ್ರಿ ಇಲ್ಲದೆ ಹೋದರು. ಮೂರನೇ ಸ್ಥಾನ ಬಂತು, ನಿಜವಾಗಿ ಒಳ್ಳೆಯ ಫಲಿತಾಂಶ. ನಾಲ್ಕು ಪಂದ್ಯದಲ್ಲಿ ಗೋಲು ಮೂರು: ಅನ್ವರ್ ಅಲಿ, ಸಂದೇಶ್ ಜಿಂಗನ್, ಉದಾಂತ ಸಿಂಗ್. ಇಬ್ಬರು ಡಿಫೆಂಡರ್, ಒಬ್ಬ ವಿಂಗರ್. ನವೆಂಬರ್ 18ರಂದು ಢಾಕಾದಲ್ಲಿ, ಮತ್ತೆ ಛೆಟ್ರಿ ಇಲ್ಲದೆ, ಬಾಂಗ್ಲಾದೇಶದ ಎದುರು 0–1. ದಾಳಿಯ ಮಧ್ಯದ ಜಾಗ ಖಾಲಿಯೇ ಇತ್ತು, ತುಂಬುವವರು ಇರಲಿಲ್ಲ.

ಕೊನೆಗೆ ಸಿಕ್ಕ ಪರಿಹಾರ ನೋಡಿ. 2025ರ ನವೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. "ಯುವಕರಿಗೆ ಜಾಗ ಬಿಡಿ" ಎಂದು ಛೆಟ್ರಿಗೆ ಹೇಳಿದವರೇ ಆವತ್ತು ಚಪ್ಪಾಳೆ ತಟ್ಟಿದರು. ವಿಲಿಯಮ್ಸ್ ವಯಸ್ಸು 32.

ವಿರೋಧ: ಆ ಹದಿನಾಲ್ಕು ಗೋಲು ಕ್ಲಬ್‌ನವು

ಛೆಟ್ರಿ ದೊಡ್ಡವರೋ ಅಲ್ಲವೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. 94 ಗೋಲಿನ ಅರ್ಧದ ಹತ್ತಿರಕ್ಕೂ ಇನ್ನೊಬ್ಬ ಭಾರತೀಯ ಬಂದಿಲ್ಲ. ಪ್ರಶ್ನೆ ಇರುವುದು ಆಯ್ಕೆಯ ಬಗ್ಗೆ, ಅದಕ್ಕೆ ಉತ್ತರ ಅಂಕಿಯಲ್ಲೇ ಇದೆ. ವಾಪಸ್ ಬಂದ ಮೇಲೆ ಆರು ಪಂದ್ಯ, ಒಂದು ಗೋಲು. ಆ ಒಂದು ಬಂದದ್ದು ರ‍್ಯಾಂಕಿಂಗ್‌ನಲ್ಲಿ ನಮಗಿಂತ ಬಹಳ ಕೆಳಗಿದ್ದ ಮಾಲ್ಡೀವ್ಸ್ ಎದುರು, ಪಾಯಿಂಟ್ ಇಲ್ಲದ ಸೌಹಾರ್ದ ಪಂದ್ಯದಲ್ಲಿ. ಯಾವುದಕ್ಕಾಗಿ ಕರೆದರೋ ಆ ಅರ್ಹತಾ ಸುತ್ತಿನ ನಾಲ್ಕು ಪಂದ್ಯಗಳಲ್ಲಿ ಅವರ ಗೋಲು ಸೊನ್ನೆ. ತಂಡದ್ದು ಎರಡು: ಸಿಂಗಪುರದಲ್ಲಿ ರಹೀಮ್ ಅಲಿ, ಮಡಗಾಂವ್‌ನಲ್ಲಿ ಛಾಂಗ್ಟೆ. ನಾಲ್ಕು ಪಂದ್ಯದಿಂದ ಬಂದ ಪಾಯಿಂಟೂ ಎರಡೇ.

ಐಎಸ್‌ಎಲ್‌ನಲ್ಲಿ 14 ಹೊಡೆದವರು ಇಲ್ಲಿ ಯಾಕೆ ಬರಿಗೈ? ಅದೃಷ್ಟ ಕೆಟ್ಟಿತು ಎಂದು ಸುಮ್ಮನಾಗಬಹುದು. ಆದರೆ ಬೆಂಗಳೂರು ಎಫ್‌ಸಿಯ ಹನ್ನೊಂದರ ಪಟ್ಟಿಯನ್ನು ಭಾರತದ ಪಟ್ಟಿಯ ಪಕ್ಕ ಇಟ್ಟರೆ ಕಾರಣ ಕಾಣುತ್ತದೆ. ಅಲ್ಲಿನ ಕೋಚ್ ಗೆರಾರ್ಡ್ ಝರಗೋಝಾ ತಂಡದಲ್ಲಿ ಛೆಟ್ರಿ ಸುತ್ತ ಇದ್ದವರು ರಯಾನ್ ವಿಲಿಯಮ್ಸ್, ಎಡ್ಗರ್ ಮೆಂಡೆಸ್, ಪೆರೇರಾ ಡಿಯಾಸ್, ಆಲ್ಬರ್ಟೊ ನೊಗುವೆರಾ, ಹಿಂದೆ ಪೆದ್ರೊ ಕಾಪೊ. ಎದುರಾಳಿ ಡಿಫೆಂಡರ್ ಮೇಲೆ ಎರಗುವ ಓಟ ವಿಲಿಯಮ್ಸ್ ಮತ್ತು ಮೆಂಡೆಸ್ ಪಾಲಿಗೆ. ಚೆಂಡು ಹಿಡಿದು ತಂಡ ಮೇಲೆ ಬರುವವರೆಗೆ ಕಾಯುವ ಕೆಲಸ ಡಿಯಾಸ್ ಪಾಲಿಗೆ. ಕೊನೆಯ ಪಾಸ್ ನೊಗುವೆರಾ ಕಾಲಿನಿಂದ. ಇವೆಲ್ಲ ಆದ ಮೇಲೆ ಉಳಿಯುವ ಕೊನೆಯ ನಾಲ್ಕು ಹೆಜ್ಜೆ ಛೆಟ್ರಿಗೆ, ಜೊತೆಗೆ ಪೆನಾಲ್ಟಿಗಳು. ಭಾರತದ ಜೆರ್ಸಿಯಲ್ಲಿ ಆಗ ಆ ಐವರಲ್ಲಿ ಒಬ್ಬರೂ ಇರಲಿಲ್ಲ. ಒಲೆ, ಪಾತ್ರೆ, ಬಾಣಸಿಗ ಎಲ್ಲ ಬೆಂಗಳೂರಿನಲ್ಲೇ ಬಿಟ್ಟು ಒಗ್ಗರಣೆ ಸೌಟು ಮಾತ್ರ ಶಿಲ್ಲಾಂಗ್‌ಗೆ ತಂದಂತಾಯಿತು.

ಈಗಿನ ಆಟದಲ್ಲಿ ನಂಬರ್ 9 ಮೊದಲ ಡಿಫೆಂಡರ್. ಎದುರಾಳಿ ಗೋಲ್‌ಕೀಪರ್‌ಗೆ ಚೆಂಡು ಹಿಂದಕ್ಕೆ ಹೋದ ಕೂಡಲೇ ಅವನು ನೇರವಾಗಿ ಅಲ್ಲ, ಬಾಗಿದ ದಾರಿಯಲ್ಲಿ ಓಡಬೇಕು, ಒಬ್ಬ ಸೆಂಟರ್‌ಬ್ಯಾಕ್‌ಗೆ ಹೋಗುವ ದಾರಿ ತನ್ನ ಮೈಯಿಂದಲೇ ಮುಚ್ಚುವಂತೆ. ಒಂದು ಸಲ ಅಲ್ಲ, ಪಂದ್ಯದಲ್ಲಿ ಹತ್ತಾರು ಸಲ. ಅವನು ಒಂದು ಸೆಕೆಂಡ್ ತಡವಾದರೆ ಏನಾಗುತ್ತದೆ? ಎದುರಾಳಿ ಸೆಂಟರ್‌ಬ್ಯಾಕ್ ತಲೆ ಎತ್ತಿ ನೋಡಲು ಸಮಯ ಸಿಗುತ್ತದೆ. ಅವನು ಡಿಫೆನ್ಸ್ ಮುಂದೆ ನಿಲ್ಲುವ ತನ್ನ ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗೆ ಪಾಸ್ ಕೊಡುತ್ತಾನೆ. ಅವನನ್ನು ಹಿಡಿಯಲು ನಮ್ಮ ಮಿಡ್‌ಫೀಲ್ಡರ್ ಒಬ್ಬ ಮುಂದೆ ಬರಬೇಕು. ಅವನು ಬಿಟ್ಟು ಬಂದ ಜಾಗ ತೆರೆದುಕೊಳ್ಳುತ್ತದೆ. ಅದನ್ನು ಕಂಡು ಹೆದರಿ ನಮ್ಮ ಡಿಫೆನ್ಸ್ ಹತ್ತು ಹದಿನೈದು ಗಜ ಹಿಂದಕ್ಕೆ ಹೋಗುತ್ತದೆ. ಈಗ ಚೆಂಡು ಗೆದ್ದರೂ ಗೆಲ್ಲುವುದು ನಮ್ಮದೇ ಬಾಕ್ಸ್ ಹತ್ತಿರ. ಅಲ್ಲಿಂದ ಉದ್ದಕ್ಕೆ ಹೊಡೆದರೆ ಡಿಫೆನ್ಸ್ ಹಿಂದೆ ಓಡಿ ಹಿಡಿಯುವವನು ಬೇಕು, ಅದೂ ಇಲ್ಲ. ಹಾಗಾಗಿ ಛಾಂಗ್ಟೆ, ಲಿಸ್ಟನ್ ಇಬ್ಬರಿಗೂ ಚೆಂಡು ಸಿಗುವುದು ನಿಂತಲ್ಲಿಗೆ, ಎದುರಿಗೆ ಬದಿ ಕಾಯುವ ಫುಲ್‌ಬ್ಯಾಕ್ ಸಿದ್ಧನಾಗಿ ನಿಂತ ಮೇಲೆ. ದೂರದಿಂದ ತೇಲಿಬಿಟ್ಟ ಕ್ರಾಸ್ ಗೋಲ್‌ಕೀಪರ್ ಕೈಗೆ. ಗೋಲು ಹೊಡೆಯಲೆಂದು ಒಬ್ಬರನ್ನು ತಂದಾಗ, ಅವಕಾಶ ಹುಟ್ಟಿಸುತ್ತಿದ್ದ ಇಬ್ಬರು ವಿಂಗರ್‌ಗಳ ಕಾಲು ಕಟ್ಟಿದಂತಾಯಿತು.

ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ನಡೆದ ಬಾಂಗ್ಲಾದೇಶ ಪಂದ್ಯ 0–0 ಆದದ್ದರ ಹಿಂದೆ ಇದೇ ಸರಪಳಿ ಇದೆ. ಆಗ ನಮ್ಮ ರ‍್ಯಾಂಕ್ 126, ಅವರದು 185. ಇಂಗ್ಲೆಂಡ್‌ನಲ್ಲಿ ಪಳಗಿದ ಹಂಝಾ ಚೌಧರಿ ಅವರ ಮಿಡ್‌ಫೀಲ್ಡ್‌ನಲ್ಲಿ ಮೊದಲ ಸಲ ಇಳಿದಿದ್ದರು. ಅಂಥವರಿಗೆ ತಿರುಗಿ ನೋಡುವಷ್ಟು ಸಮಯ ಕೊಡಬಾರದು ಎಂಬುದು ಯಾವ ಕೋಚ್ ಆದರೂ ಹಾಕುವ ಮೊದಲ ಗೆರೆ. ಗುಂಪಿನಿಂದ ಹೋಗುವುದು ಒಂದೇ ತಂಡ ಎಂದಾಗ ತವರಿನ ಡ್ರಾ ಸೋಲಿಗೆ ಸಮ. ನಮ್ಮ ದಾರಿ ಅರ್ಧ ಮುಚ್ಚಿದ್ದು ಮಡಗಾಂವ್‌ನಲ್ಲಲ್ಲ, ಶಿಲ್ಲಾಂಗ್‌ನಲ್ಲೇ. ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಛೆಟ್ರಿ ಬೆಂಚ್‌ನಿಂದ ಇಳಿದರು, ಪರ ವಾದಿಗಳು ಹೇಳುವ ಹಾಗೇ ಎರಡನೇ ಅವಧಿಯಲ್ಲಿ. ಗೋಲು ಬರಲಿಲ್ಲ. ಕೊನೆಯ ಕ್ಷಣದ ಪೆನಾಲ್ಟಿಯಲ್ಲಿ 0–1. ಮಿಲ್ಲಾ ಸೂತ್ರವನ್ನೂ ಹಾಗಾದರೆ ಪರೀಕ್ಷೆ ಮಾಡಿಯಾಯಿತು.

ಮಿಲ್ಲಾ ಹೆಸರು ಬಂದದ್ದರಿಂದ 1994ನ್ನೂ ನೆನೆಯಬೇಕು. 1990ರ ಇಟಲಿಯ ಕಥೆ ಹೇಳುವವರು 1994ರ ಅಮೆರಿಕದ ಕಥೆ ಹೇಳುವುದಿಲ್ಲ. ಆ ವಿಶ್ವಕಪ್‌ಗೂ ಕ್ಯಾಮರೂನ್ 42ರ ಮಿಲ್ಲಾರನ್ನು ಕರೆದೊಯ್ದಿತು. ರಷ್ಯಾ ಎದುರು ಅವರು ಗೋಲು ಹೊಡೆದು ದಾಖಲೆ ಬರೆದರು. ಪಂದ್ಯದ ಫಲಿತಾಂಶ 1–6, ಒಲೆಗ್ ಸಲೆಂಕೊ ಒಬ್ಬರೇ ಐದು ಹೊಡೆದರು. ಕ್ಯಾಮರೂನ್ ಗುಂಪಿನಲ್ಲೇ ಹೊರಗೆ.

ಇನ್ನೂ ಹತ್ತಿರದ ಉದಾಹರಣೆ ಜರ್ಮನಿ. ಕೋಚ್ ಯೋಆಕಿಮ್ ಲೋವ್ 2019ರ ಮಾರ್ಚ್‌ನಲ್ಲಿ ಥಾಮಸ್ ಮುಲ್ಲರ್, ಮ್ಯಾಟ್ಸ್ ಹುಮ್ಮೆಲ್ಸ್, ಜೆರೋಮ್ ಬೋಟೆಂಗ್ ಮೂವರಿಗೂ ಇನ್ನು ನಿಮ್ಮ ಕಾಲ ಮುಗಿಯಿತು ಎಂದರು. 2021ರ ಯೂರೊ ಹತ್ತಿರ ಬಂದಾಗ ಕೈ ನಡುಗಿ ಮುಲ್ಲರ್, ಹುಮ್ಮೆಲ್ಸ್ ಇಬ್ಬರನ್ನೂ ಮತ್ತೆ ಕರೆದರು. ಫ್ರಾನ್ಸ್ ಎದುರು ಹುಮ್ಮೆಲ್ಸ್ ಕಾಲಿನಿಂದಲೇ ಚೆಂಡು ತಮ್ಮದೇ ತಂಡದ ಗೋಲಿಗೆ. ವೆಂಬ್ಲಿಯಲ್ಲಿ ಇಂಗ್ಲೆಂಡ್ ಎದುರು ಮುಲ್ಲರ್ ಒಬ್ಬರೇ ಗೋಲ್‌ಕೀಪರ್‌ಗೆ ಎದುರಾದಾಗ ಚೆಂಡು ಕಂಬದ ಪಕ್ಕ ಹೊರಗೆ. ವಿಶ್ವಕಪ್ ಗೆದ್ದ ಕೋಚ್‌ನ ಹದಿನೈದು ವರ್ಷದ ಕೆಲಸ ಅಲ್ಲಿ ಕೊನೆಗೊಂಡಿತು. ಹಿರಿಯರನ್ನು ಇಟ್ಟುಕೊಳ್ಳುವುದು ಒಂದು ದಾರಿ, ಬಿಡುವುದು ಇನ್ನೊಂದು. ಬಿಟ್ಟು, ನಡುವೆ ಸಮಯ ಕಳೆದು, ಮತ್ತೆ ಕರೆದರೆ ಎರಡೂ ದಾರಿಯ ನಷ್ಟ ನಿಮ್ಮದೇ. ನಮ್ಮಲ್ಲಿ ಆದದ್ದೂ ಅದೇ. ಛೆಟ್ರಿ ಬಿಟ್ಟೇ ಇರದಿದ್ದರೆ ತಂಡ ಅವರ ಓಟಕ್ಕೆ ತಕ್ಕಂತೆ ರೂಪುಗೊಂಡಿರುತ್ತಿತ್ತು. ವಾಪಸ್ ಬಾರದಿದ್ದರೆ 2024ರ ಶರತ್ಕಾಲದ ಹುಡುಕಾಟ, ಎಷ್ಟೇ ಕುಂಟುತ್ತಿದ್ದರೂ, ಮುಂದುವರಿಯುತ್ತಿತ್ತು.

ಭಾರತದ್ದೇ ಹಳೆಯ ಕಡತ ತೆಗೆದರೂ ಪಾಠ ಸಿಗುತ್ತದೆ. ಕೋಚ್ ಬಾಬ್ ಹೌಟನ್ 2011ರ ದೋಹಾ ಏಷ್ಯನ್ ಕಪ್‌ಗೆ ಗಾಯಗೊಂಡಿದ್ದ 34ರ ಭೈಚುಂಗ್ ಭುಟಿಯಾರನ್ನು ಕರೆದೊಯ್ದರು, ಮೂರನೇ ಪಂದ್ಯದ ಕೊನೆಯ ಕೆಲವು ನಿಮಿಷಗಳಿಗೆ. ಆಸ್ಟ್ರೇಲಿಯಾ ಎದುರು 0–4, ಬಹ್ರೇನ್ ಎದುರು 2–5, ದಕ್ಷಿಣ ಕೊರಿಯಾ ಎದುರು 1–4. ಆ ತಲೆಮಾರು ಒಟ್ಟಿಗೇ ಮನೆಗೆ ಹೋಯಿತು, ಮುಂದಿನದು ಸಿದ್ಧವಿರಲಿಲ್ಲ. 2015ರ ಮಾರ್ಚ್ ಹೊತ್ತಿಗೆ ಭಾರತದ ರ‍್ಯಾಂಕ್ 173. ಆ ವರ್ಷದ ಶುರುವಿನಲ್ಲಿ ಬಂದ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಆಟದ ಚೆಂದ ಯಾರಿಗೂ ಹಿಡಿಸಲಿಲ್ಲ, ಡ್ರೆಸ್ಸಿಂಗ್ ರೂಮಿನಲ್ಲೂ ಅವರು ಎಲ್ಲರಿಗೂ ಬೇಕಾದವರಾಗಿರಲಿಲ್ಲ. ಆದರೆ ಹೊಸ ಹುಡುಗರನ್ನು ಸಾಲುಸಾಲಾಗಿ ಇಳಿಸಿದರು. 2017ರ ಜುಲೈನಲ್ಲಿ ರ‍್ಯಾಂಕ್ 96. ಸಂದೇಶ್ ಜಿಂಗನ್‌ರಂತೆ ಅವರ ಕೈಯಲ್ಲಿ ಗಟ್ಟಿಯಾದವರು ಹತ್ತು ವರ್ಷ ತಂಡವನ್ನು ಹೊತ್ತರು. ಕೋಚ್ ಒಬ್ಬ ಬಿಟ್ಟುಹೋದದ್ದನ್ನು ಅಳೆಯುವಾಗ ಮುಂದಿನ ಕೋಚ್ ಕೈಗೆ ಏನು ಕೊಟ್ಟ ಎಂದೂ ನೋಡಬೇಕಲ್ಲವೇ? ಮನೋಲೊ ಎಂಟು ಪಂದ್ಯದಲ್ಲಿ ಒಂದೇ ಗೆದ್ದು ಜುಲೈನಲ್ಲಿ ಹೊರಟರು. ಖಾಲಿದ್ ಕೈಗೆ ಬಂದದ್ದು ಇನ್ನೇನು 41 ತುಂಬಲಿದ್ದ ಒಬ್ಬ ಸ್ಟ್ರೈಕರ್, ಒಂದು ಪಾಯಿಂಟ್.

ಮಾರ್ಚ್‌ನ ಕರೆಗಾದರೂ ಒಂದು ಆಧಾರವಿತ್ತು, ಫಾರ್ಮ್. ಅಕ್ಟೋಬರ್‌ನ ಕರೆಗೆ ಏನಿತ್ತು? ಜುಲೈನಲ್ಲೇ ಐಎಸ್‌ಎಲ್ ತಡೆಹಿಡಿಯಲ್ಪಟ್ಟಿತ್ತು. ಲೀಗ್ ಪಂದ್ಯ ನಡೆದೇ ಇರಲಿಲ್ಲ. ಇಪ್ಪತ್ತರ ಹುಡುಗ ಪಂದ್ಯವಿಲ್ಲದೆ ಎರಡು ತಿಂಗಳು ಕೂತರೆ ಎರಡು ವಾರದಲ್ಲಿ ಲಯಕ್ಕೆ ಬರುತ್ತಾನೆ. ನಲವತ್ತೊಂದರ ದೇಹಕ್ಕೆ ಪಂದ್ಯಗಳೇ ಎಣ್ಣೆ. ನಿಂತ ಗಾಡಿ ಸುಲಭಕ್ಕೆ ಹೊರಡುವುದಿಲ್ಲ. ಅಭ್ಯಾಸದ ಓಟ ಪಂದ್ಯದ ಓಟವಲ್ಲ, ತಿರುಗುವ, ನಿಲ್ಲುವ, ಮತ್ತೆ ಹೊರಡುವ ಒತ್ತಡ ಅಲ್ಲಿ ಬರುವುದಿಲ್ಲ. ಮೇಲಾಗಿ ಅಕ್ಟೋಬರ್ 9 ಮತ್ತು 14, ಐದು ದಿನದಲ್ಲಿ ಎರಡು ಪಂದ್ಯ, ನಡುವೆ ಸಿಂಗಪುರದಿಂದ ಗೋವಾಕ್ಕೆ ಪ್ರಯಾಣ. ಒಂದು ತಿಂಗಳ ಹಿಂದಷ್ಟೇ ಇದೇ ಖಾಲಿದ್ ಛೆಟ್ರಿ ಇಲ್ಲದ ತಂಡ ಕಟ್ಟಿಕೊಂಡು ತಜಕಿಸ್ತಾನವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿದ್ದರು, ಒಮನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿದ್ದರು. ಚೆನ್ನೈಯಿನ್ ಕ್ಲಬ್‌ನ ಇರ್ಫಾನ್ ಯಾದ್ವಾಡ್ ಮುಂದೆ ನಿಂತು ಗುದ್ದಾಡಿದ್ದರು. ಅವರು ಗೋಲು ಹೊಡೆಯಲಿಲ್ಲ, ಸರಿ. ಆದರೆ ಇಬ್ಬರು ಡಿಫೆಂಡರ್‌ಗಳಿಗೆ ಸೆಟ್‌ಪೀಸ್ ಗೋಲು ಸಿಗಬೇಕಾದರೆ ಮೊದಲು ಚೆಂಡು ಎದುರಾಳಿ ಅರ್ಧದಲ್ಲಿ ಇರಬೇಕು, ಅಲ್ಲಿ ಯಾರೋ ಓಡಿ ಫೌಲ್, ಕಾರ್ನರ್ ಗಿಟ್ಟಿಸಿರಬೇಕು. ಆ ಓಟ ಸ್ಕೋರ್‌ಶೀಟಿನಲ್ಲಿ ಬರುವುದಿಲ್ಲ. ಸಿಂಗಪುರದಲ್ಲಿ ಜಿಂಗನ್ ಕೆಂಪು ಕಾರ್ಡ್ ಕಂಡು ಹತ್ತು ಜನ ಉಳಿದ ಮೇಲೆ 90ನೇ ನಿಮಿಷದಲ್ಲಿ ಸಮ ಮಾಡಿದ್ದು ಬೆನ್ನಟ್ಟಿ ಓಡಿದ ರಹೀಮ್ ಅಲಿ.

ಬೆಂಗಳೂರಿಗರಿಗೆ ಇದು ಹೊಸ ವಿಷಯವೂ ಅಲ್ಲ. 2022–23ರಲ್ಲಿ ಬೆಂಗಳೂರು ಎಫ್‌ಸಿ ಕೋಚ್ ಸೈಮನ್ ಗ್ರೇಸನ್ ಧೈರ್ಯ ಮಾಡಿ ಛೆಟ್ರಿಯನ್ನು ಬೆಂಚ್‌ಗೆ ಕಳಿಸಿ ರಾಯ್ ಕೃಷ್ಣ ಜೊತೆ ಯುವಕ ಶಿವಶಕ್ತಿ ನಾರಾಯಣನ್‌ರನ್ನು ಇಳಿಸಿದರು. ಮುಳುಗುತ್ತಿದ್ದ ತಂಡ ಗೆಲುವಿನ ಮೇಲೆ ಗೆಲುವು ಕಂಡು ಫೈನಲ್‌ವರೆಗೆ ಹೋಯಿತು. ಛೆಟ್ರಿಯೂ ಬೆಂಚ್‌ನಿಂದ ಇಳಿದು ಮುಂಬೈ ಎದುರಿನ ಮೊದಲ ಸೆಮಿಫೈನಲ್‌ನಲ್ಲಿ ನಿರ್ಣಾಯಕ ಗೋಲು ಹೊಡೆದರು. ಅಲ್ಲಿ ಅದು ಫಲಿಸಿತು, ಯಾಕೆಂದರೆ ಮೊದಲ ಒಂದು ಗಂಟೆ ಓಡಿದವನು ಶಿವಶಕ್ತಿ. ಭಾರತ ತಂಡದಲ್ಲಿ ಆ ಮೊದಲ ಒಂದು ಗಂಟೆಯವನನ್ನು ಹುಡುಕುವ ಕೆಲಸವನ್ನೇ, ಛೆಟ್ರಿ ವಾಪಸ್ ಬರುತ್ತಾರೆ ಎಂಬ 2025ರ ಮಾರ್ಚ್ 6ರ ಪ್ರಕಟಣೆ ನಿಲ್ಲಿಸಿತು.

ಹೊಸಬರಿಗೆ ಕೊನೆಗೂ ಜಾಗ ಸಿಕ್ಕಿದ್ದು ನವೆಂಬರ್ 18ರಂದು, ಢಾಕಾದಲ್ಲಿ, ಗೆದ್ದರೂ ಸೋತರೂ ನಮಗೆ ಲೆಕ್ಕಕ್ಕೆ ಬಾರದ ಪಂದ್ಯದಲ್ಲಿ. ಬಾಂಗ್ಲಾದೇಶ 22 ವರ್ಷಗಳ ನಂತರ ಭಾರತವನ್ನು ಸೋಲಿಸಿತು. ಅದೇ ದಿನ ಹಾಂಗ್‌ಕಾಂಗ್‌ನಲ್ಲಿ ಗೆದ್ದ ಸಿಂಗಪುರ ಏಷ್ಯನ್ ಕಪ್‌ಗೆ ಹೋಯಿತು.